ಬ್ರೂನೆಲೆಸ್ಕಿಯ ತೂತಿನ ಹಲಗೆ: ಕೆಲಸ ಎಲ್ಲಿಗೆ ಬಂತು

ಮಾರ್ಚ್

ಏನು ಮಾಡಲು ಹೊರಟಿದ್ದೇನೆ ಅಂತ ಮೊದಲು ಬರೆದಿಡುತ್ತೇನೆ. ಇಟಲಿಯ ಫ್ಲಾರೆನ್ಸ್ ಊರಿನ ಫಿಲಿಪ್ಪೊ ಬ್ರೂನೆಲೆಸ್ಕಿ (1377–1446) ಅಂದರೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಪರ್ಸ್‌ಪೆಕ್ಟಿವ್, ಅಂದರೆ ಆಳ, ದೂರ ಕಣ್ಣಿಗೆ ಕಾಣುವ ಹಾಗೇ ಲೆಕ್ಕ ಹಿಡಿದು ಚಿತ್ರ ಬರೆಯುವ ವಿದ್ಯೆ, ಅದನ್ನು ತೋರಿಸಲು ಅವನು ಮಾಡಿದ ಒಂದು ಪುಟ್ಟ ಹಲಗೆ. ಅಂಥದ್ದೇ ಒಂದನ್ನು ನಾನೂ ಮಾಡಲು ಹೊರಟಿದ್ದೇನೆ. ಅಗಲ ಅರ್ಧ ಬ್ರಾಚ್ಚೊ, ಎತ್ತರವೂ ಅಷ್ಟೇ. ಬ್ರಾಚ್ಚೊ ಅನ್ನುವುದು ಆ ಊರಿನ ಅಳತೆ, ಸುಮಾರು 58 ಸೆಂಟಿಮೀಟರ್. ಅಂದರೆ ಹಲಗೆ 29 ಸೆಂಟಿಮೀಟರ್ ಚೌಕ.

ಅವನು ದೊಡ್ಡ ಚರ್ಚಿನ ನಡುಬಾಗಿಲಿನ ಒಳಗೆ, ಹೊಸ್ತಿಲಿನಿಂದ ಮೂರು ಬ್ರಾಚ್ಚೊ ಹಿಂದೆ ನಿಂತ. ಎದುರಿಗೆ ಕಾಣುವ ಎಂಟು ಮೂಲೆಯ ಸಂತ ಜಾನ್ ಬ್ಯಾಪ್ಟಿಸ್ಟರಿಯನ್ನು (ದೀಕ್ಷಾಸ್ನಾನ ಕೊಡುವ ಕಟ್ಟಡ), ಸುತ್ತಲಿನ ಚೌಕವನ್ನು ಹಲಗೆಯ ಮೇಲೆ ಬರೆದ. ಆಮೇಲೆ ಹಲಗೆಗೆ ಒಂದು ತೂತು ಕೊರೆದ. ನೋಡುವವರು ಹಲಗೆಯ ಬೆನ್ನಿಗೆ ಕಣ್ಣಿಟ್ಟು ತೂತಿನಿಂದ ನೋಡಬೇಕು. ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿಯಬೇಕು. ಚಿತ್ರ ಕನ್ನಡಿಯಲ್ಲಿ ಕಾಣುತ್ತದೆ. ಕನ್ನಡಿ ಇಳಿಸಿದರೆ ಅದೇ ಜಾಗದಲ್ಲಿ ನಿಜವಾದ ಕಟ್ಟಡ. ಚಿತ್ರವೂ ಕಟ್ಟಡವೂ ಒಂದರ ಮೇಲೊಂದು ಕೂರುತ್ತವೋ ಇಲ್ಲವೋ, ಅಲ್ಲೇ ಗೊತ್ತಾಗುತ್ತದೆ.

ಮೂಲ ಹಲಗೆ ಇವತ್ತು ಎಲ್ಲೂ ಇಲ್ಲ. ನಮಗೆ ಇದು ಗೊತ್ತಿರುವುದು ಅಂತೋನಿಯೊ ಮನೆತ್ತಿಯಿಂದ. ಬ್ರೂನೆಲೆಸ್ಕಿಯ ಜೀವನ ಬರೆದ ಅವನು ಆ ಹಲಗೆಯನ್ನು ತಾನೇ ಕೈಯಲ್ಲಿ ಹಿಡಿದು ಎಷ್ಟೋ ಸಲ ನೋಡಿದ್ದೇನೆ ಅನ್ನುತ್ತಾನೆ. ಅಳತೆ, ತೂತು, ಕನ್ನಡಿ, ಎಲ್ಲ ವಿವರವೂ ಅವನ ಬರಹದಲ್ಲಿದೆ. ಅಷ್ಟು ವಿವರ ಇರುವಾಗ ಮಾಡಿಯೇ ನೋಡೋಣ ಅನ್ನಿಸಿತು.

ನನಗೆ ಎದುರಿಗೆ ಒಂದು ನಿಜವಾದ ಕಟ್ಟಡ ಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ದೊಡ್ಡಪ್ಪನ ಮನೆಯ ಎದುರಿಗೆ ಬಯಲು, ಬಯಲಿನಾಚೆ ಊರಿನ ಶಾಲೆ. ಕಂಬಗಳ ಜಗಲಿ, ಸುಣ್ಣದ ಗೋಡೆ, ಕೆಂಪು ಹಂಚು, ಎಡಗಡೆ ಒಂದು ಮಾವಿನ ಮರ. ಮನೆಯ ಬಾಗಿಲೊಳಗೆ ನಿಂತರೆ ಶಾಲೆಗೆ 36 ಮೀಟರ್. ಶಾಲೆ, ಮರ ಎರಡೂ ಸೇರಿ ಅಗಲ 18 ಮೀಟರ್. ಲೆಕ್ಕ ಚೆನ್ನಾಗಿ ಕೂತಿತು: ದೂರ ಅಗಲದ ಎರಡರಷ್ಟು. ಹಾಗಾದರೆ 29 ಸೆಂಟಿಮೀಟರ್ ಚಿತ್ರವನ್ನು 58 ಸೆಂಟಿಮೀಟರ್ ದೂರದಿಂದ ನೋಡಬೇಕು. ಕನ್ನಡಿಯಲ್ಲಿ ನೋಡುವಾಗ ಬೆಳಕು ಹೋಗಿ ಬರುತ್ತದಲ್ಲ, ಹಾಗಾಗಿ ಕನ್ನಡಿ ಅದರ ಅರ್ಧ ದೂರದಲ್ಲಿ, 29 ಸೆಂಟಿಮೀಟರಿನಲ್ಲಿ ಇದ್ದರೆ ಸಾಕು. ಕೈಗೆ ಆರಾಮಾಗಿ ಎಟುಕುವ ದೂರ.

ಏಪ್ರಿಲ್

ಹಲಗೆ ಸಿಕ್ಕಿತು. ಬಡಗಿ ಹಳೇ ಬಾಗಿಲಿನಿಂದ ತೆಗೆದ ತೇಗ ಕೊಟ್ಟರು. ಒಣಗಿ ಎಷ್ಟೋ ವರ್ಷವಾದ ಮರ, ಇನ್ನು ಬಾಗುವ ಭಯ ಕಡಿಮೆ. ದಪ್ಪ ಒಂದು ಸೆಂಟಿಮೀಟರಿಗೆ ಇಳಿಸಿ ಕೊಟ್ಟರು. ಫ್ಲಾರೆನ್ಸಿನ ಚಿತ್ರಗಾರರು ಸಾಮಾನ್ಯವಾಗಿ ಬಳಸುತ್ತಿದ್ದದ್ದು ಪಾಪ್ಲರ್ ಮರ. ಅದರ ಮೇಲೆ ಜಿಪ್ಸಮ್ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿಯುತ್ತಿದ್ದರು. ನಾನೂ ಬಿಳಿ ಬಳಿದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದೇನೆ. ಬೇಸಿಗೆ ಬಿಸಿಲಿಗೆ ಬೇಗ ಒಣಗುತ್ತದೆ. ಈ ಕೆಲಸದಲ್ಲಿ ಹೇಳುವಂಥದ್ದು ಏನೂ ಇಲ್ಲ, ತಾಳ್ಮೆ ಬೇಕು ಅಷ್ಟೇ.

ಉಜ್ಜುತ್ತಾ ಕೂತಾಗ ತಲೆಗೆ ಬಂದ ವಿಚಾರ ಹೇಳಬೇಕು. ಶಾಲೆಯಲ್ಲಿ ನಾವೆಲ್ಲ ಒಂದು ಸಾಲು ಬಾಯಿಪಾಠ ಮಾಡಿದ್ದೇವೆ: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಗ್ರೀಕ್ ವಿದ್ವಾಂಸರು ಪುಸ್ತಕಗಳ ಜೊತೆ ಇಟಲಿಗೆ ಓಡಿಬಂದರು, ಪುನರುಜ್ಜೀವನ ಶುರುವಾಯಿತು. ಆದರೆ ಬ್ರೂನೆಲೆಸ್ಕಿ 1446ರಲ್ಲೇ ತೀರಿಕೊಂಡ! ಅವನ ಹಲಗೆ 15ನೇ ಶತಮಾನದ ಮೊದಲ ಕಾಲು ಭಾಗದ್ದು. ಗುಮ್ಮಟದ ಕೆಲಸ ಶುರುವಾದದ್ದು 1420ರಲ್ಲಿ. ಹಳೆಯ ವಿದ್ಯೆ ಫ್ಲಾರೆನ್ಸಿಗೆ ಬಂದದ್ದು ಅದಕ್ಕೂ ಮೊದಲೇ, ಅದೂ ಆ ಊರಿನವರೇ ಕರೆಸಿಕೊಂಡದ್ದರಿಂದ. ಊರಿನ ಚಾನ್ಸಲರ್ ಆಗಿದ್ದ ಕೊಲುಚ್ಚೊ ಸಲುತಾತಿ ಮುಂತಾದವರು ಆಸಕ್ತಿ ತೋರಿಸಿ ಮ್ಯಾನುಯೆಲ್ ಕ್ರಿಸೊಲೊರಾಸ್ ಎಂಬ ವಿದ್ವಾಂಸನನ್ನು ಕರೆಸಿದರು. ಅವನು 1397ರಲ್ಲಿ ಬಂದು ಗ್ರೀಕ್ ಪಾಠ ಹೇಳಿದ. ಹಳೇ ಗ್ರೀಕ್ ಪಂಡಿತ ಟಾಲೆಮಿಯ ಭೂಗೋಳದ ಪುಸ್ತಕ ಮುಂದಿನ ಕೆಲವೇ ವರ್ಷಗಳಲ್ಲಿ ಲ್ಯಾಟಿನ್‌ಗೆ ಬಂತು, ಅದನ್ನು ಮಾಡಿದ್ದು ಕ್ರಿಸೊಲೊರಾಸನ ಶಿಷ್ಯ ಯಾಕೊಪೊ ಆಂಜೆಲಿ. 1416ರಲ್ಲಿ ಪೊಜ್ಜೊ ಬ್ರಾಚ್ಚೊಲಿನಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಹಳೇ ರೋಮಿನ ಭಾಷಣಕಲೆಯ ಗುರು ಕ್ವಿಂಟಿಲಿಯನ್ನನ ಪುಸ್ತಕದ ಪೂರ್ತಿ ಪ್ರತಿ ಹುಡುಕಿ ತೆಗೆದ. 1453 ನಡುವಿನ ಒಂದು ಇಸವಿ, ಶುರುವಿನದ್ದಲ್ಲ.

ಇನ್ನೊಂದು ವಿಷಯ. ನೋಟದ ಲೆಕ್ಕ ಬರೀ ಗ್ರೀಕರದ್ದೂ ಅಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ 11ನೇ ಶತಮಾನದ ಮೊದಲಲ್ಲೇ ಏಳು ಭಾಗದ ಗ್ರಂಥ ಬರೆದಿದ್ದ. ವಸ್ತುವಿನ ಒಂದೊಂದು ಬಿಂದುವಿನಿಂದಲೂ ಬೆಳಕು ನೇರ ಗೆರೆಯಲ್ಲಿ ಕಣ್ಣಿಗೆ ಬರುತ್ತದೆ ಅಂತ ತೋರಿಸಿದ್ದ. 1200ರ ಸುಮಾರಿಗೆ ಅದು ಲ್ಯಾಟಿನ್ನಿನಲ್ಲಿ ಬಂತು, ಯುರೋಪಿನ ವಿದ್ಯಾಲಯಗಳಲ್ಲಿ ಪಾಠವಾಯಿತು. ಬ್ರೂನೆಲೆಸ್ಕಿ ಪಂಡಿತನಲ್ಲ, ಅಕ್ಕಸಾಲಿಗ ಕೆಲಸ ಕಲಿತವನು. ಅವನಿಗೆ ರೇಖಾಗಣಿತದಲ್ಲಿ ಜೊತೆಯಾದವನು ತನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಪಾವೊಲೊ ತೊಸ್ಕನೆಲ್ಲಿ. ರೋಮಿಗೆ ಹೋಗಿ ಶಿಲ್ಪಿ ದೊನತೆಲ್ಲೊ ಜೊತೆ ಹಾಳುಬಿದ್ದ ಕಟ್ಟಡಗಳ ಬುಡ ಅಗೆದು ಅಳತೆ ಮಾಡುತ್ತಿದ್ದಾಗ ಜನ ಇವರನ್ನು ನಿಧಿ ಹುಡುಕುವವರು ಅಂದುಕೊಂಡಿದ್ದರಂತೆ. ನನಗೆ ಈ ಕಾಲದ ಬಗ್ಗೆ ಇಷ್ಟೊಂದು ಅಕ್ಕರೆ ಇರುವುದು ಇದಕ್ಕೇ. ಪುಸ್ತಕದಲ್ಲಿದ್ದ ವಿದ್ಯೆ ಅಕ್ಕಸಾಲಿಗನ ಕೈಗೆ ಬಂತು. ಅವನು ಅದನ್ನು ಯಾರು ಬೇಕಾದರೂ ಕಣ್ಣಿಟ್ಟು ನೋಡಬಹುದಾದ ಹಲಗೆಯಾಗಿ ಮಾಡಿದ. ನಂಬಿ ಅಂತ ಕೇಳಲಿಲ್ಲ, ನೋಡಿ ಅಂದ.

ಮೇ

ಗೆರೆ ಎಳೆಯುವ ಕೆಲಸ. ಬ್ರೂನೆಲೆಸ್ಕಿ ಗೆರೆ ಹೇಗೆ ಎಳೆದ ಅಂತ ಮನೆತ್ತಿ ಹೇಳುವುದಿಲ್ಲ. ಆದ್ದರಿಂದ ನಾನು ಹಿಡಿದದ್ದು ಲಿಯೊನ್ ಬತ್ತಿಸ್ತ ಆಲ್ಬರ್ತಿಯ ದಾರಿ. ಅವನು 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ, ಅದರ ಇಟಾಲಿಯನ್ ಪಾಠವನ್ನು ಬ್ರೂನೆಲೆಸ್ಕಿಗೇ ಅರ್ಪಿಸಿದ.

ಆಲ್ಬರ್ತಿ ಹೇಳುವುದು ತುಂಬಾ ನೇರ. ಚಿತ್ರದ ತಳದ ಗೆರೆಯನ್ನು ಸಮಭಾಗ ಮಾಡು. ಮನುಷ್ಯನ ಕಣ್ಣಿನ ಎತ್ತರದಲ್ಲಿ ಒಂದು ಬಿಂದು ಇಡು. ಭಾಗ ಮಾಡಿದ ಜಾಗದಿಂದೆಲ್ಲ ಆ ಬಿಂದುವಿಗೆ ಗೆರೆ ಎಳೆ. ಇನ್ನು ಅಡ್ಡ ಗೆರೆಗಳು ಎಷ್ಟೆಷ್ಟು ಹತ್ತಿರವಾಗುತ್ತಾ ಹೋಗಬೇಕು? ಅದಕ್ಕೆ ಪಕ್ಕದಲ್ಲಿ ಇನ್ನೊಂದು ಚಿತ್ರ: ಅಲ್ಲಿ ಕಣ್ಣು, ಇಲ್ಲಿ ನೆಲ, ನಡುವೆ ನಿಂತ ಗೆರೆಯೇ ಚಿತ್ರದ ಪರದೆ. ಕಣ್ಣಿನಿಂದ ನೆಲದ ಗುರುತುಗಳಿಗೆ ಎಳೆದ ಗೆರೆಗಳು ಪರದೆಯನ್ನು ಎಲ್ಲೆಲ್ಲಿ ಕಡಿಯುತ್ತವೋ ಅಲ್ಲಲ್ಲಿ ಅಡ್ಡ ಗೆರೆ. ಸರಿಯಿದೆಯಾ ನೋಡಲು ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಎಳೆಯಬೇಕು. ಅದು ಚೌಕಗಳ ಮೂಲೆಗಳನ್ನೇ ಮುಟ್ಟುತ್ತಾ ನೆಟ್ಟಗೆ ಹೋದರೆ ಲೆಕ್ಕ ಸರಿ. ನನ್ನ ಓರೆಗೆರೆ ನೆಟ್ಟಗೆ ಹೋದಾಗ ಆದ ಖುಷಿ ಹೇಳಲಾರೆ.

ಅಳತೆಗೆ ದೊಡ್ಡಪ್ಪನ ಮೊಮ್ಮಗ ಟೇಪಿನ ಒಂದು ತುದಿ ಹಿಡಿದ. ಶಾಲೆಗೆ ಬೇಸಿಗೆ ರಜೆ, ಯಾರಿಗೂ ತೊಂದರೆಯಿಲ್ಲ. ಪ್ರತಿ ಕಂಬದ ಬುಡ, ಎತ್ತರ, ಜಗಲಿಯ ಆಳ, ಹಂಚಿನ ಅಂಚು, ಎಲ್ಲ ಬರೆದುಕೊಂಡೆ. ಜಗಲಿ ಮುಖ್ಯ. ಗೋಡೆ ಬರೀ ಚಪ್ಪಟೆ, ಅದನ್ನು ಯಾರಾದರೂ ಬರೆದಾರು. ಜಗಲಿಯ ಆಳ, ತೊಲೆಗಳು ಒಳಗೆ ಓಡುವ ರೀತಿ, ಅಲ್ಲೇ ಪರ್ಸ್‌ಪೆಕ್ಟಿವ್ ಗೆಲ್ಲುವುದು ಅಥವಾ ಸೋಲುವುದು.

ಸೇರುವ ಬಿಂದುವಿನ ಜಾಗದಲ್ಲಿ ಮೊಳೆ ಹೊಡೆದು ದಾರ ಕಟ್ಟಿ ಗೆರೆ ಎಳೆದೆ. ಇದು ಚಿತ್ರಗಾರ ಮಸಾಚ್ಚೊನ ಕಾಲದ್ದೇ ಪದ್ಧತಿ. ಫ್ಲಾರೆನ್ಸಿನ ಸಾಂತ ಮರಿಯ ನೊವೆಲ್ಲ ಚರ್ಚಿನಲ್ಲಿ ಅವನ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಭಿತ್ತಿಚಿತ್ರವಿದೆ, 1427ರ ಸುಮಾರಿನದ್ದು. ಅದರ ಗಾರೆಯಲ್ಲಿ ದಾರ ಒತ್ತಿದ, ಗೀರಿದ ಗುರುತುಗಳು ಈಗಲೂ ಇವೆ. ಅವನು 1428ರಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಇಪ್ಪತ್ತಾರೋ ಇಪ್ಪತ್ತೇಳೋ. 1570ರ ಹೊತ್ತಿಗೆ ಆ ಚಿತ್ರದ ಮುಂದೆ ಬೇರೆ ಪೂಜಾಪೀಠ ಕಟ್ಟಿ ಮುಚ್ಚಿಬಿಟ್ಟರು. ಮತ್ತೆ ಕಣ್ಣಿಗೆ ಬಿದ್ದದ್ದು 1860ರಲ್ಲಿ. ಸುಮಾರು ಮುನ್ನೂರು ವರ್ಷ ಅಂಥ ಚಿತ್ರವನ್ನು ಯಾರೂ ನೋಡಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಕನ್ನಡಿಗೆ ಬರೆಯುವ ಚಿತ್ರ ತಿರುಗುಮುರುಗಾಗಿ ಇರಬೇಕು. ಎಡದ ಮಾವಿನ ಮರ ಹಲಗೆಯಲ್ಲಿ ಬಲಕ್ಕೆ. ಬ್ಯಾಪ್ಟಿಸ್ಟರಿ ಎರಡೂ ಕಡೆ ಒಂದೇ ಥರ ಇರುವ ಕಟ್ಟಡ, ಬ್ರೂನೆಲೆಸ್ಕಿಗೆ ಅಲ್ಲಿ ಸುಲಭವಾಯಿತು. ಅಕ್ಕಪಕ್ಕದ ಬೀದಿ, ಅಂಗಡಿಗಳನ್ನು ಅವನೂ ತಿರುಗಿಸಲೇಬೇಕಿತ್ತು. ನಾನು ಟ್ರೇಸಿಂಗ್ ಕಾಗದದಲ್ಲಿ ಬರೆದು ಮಗುಚಿ ಹಲಗೆಗೆ ಇಳಿಸಿದೆ.

ಬಣ್ಣ ಮೊಟ್ಟೆಯ ಹಳದಿಯಲ್ಲಿ ಕಲಸಿದ್ದು. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಕಾಡಿಗೆ, ಬಿಳಿ. ಇದು ಕ್ಷಣದಲ್ಲಿ ಒಣಗುತ್ತದೆ, ನೀರುಬಣ್ಣದ ಹಾಗೆ ಹರಡಲು ಬಿಡುವುದಿಲ್ಲ. ಸಣ್ಣ ಕುಂಚದಲ್ಲಿ ಗೀರು ಪಕ್ಕ ಗೀರು ಇಡುತ್ತಾ ಹೋಗಬೇಕು. ಹಂಚಿನ ಸಾಲುಗಳಿಗೆ ಇದಕ್ಕಿಂತ ಒಳ್ಳೇ ಬಣ್ಣ ಇಲ್ಲ.

ಜೂನ್ ಮೊದಲ ವಾರ

ಆಕಾಶ! ಇಡೀ ಹಲಗೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ. ಬ್ರೂನೆಲೆಸ್ಕಿ ಆಕಾಶವನ್ನು ಬರೆಯಲೇ ಇಲ್ಲ. ಆ ಜಾಗಕ್ಕೆ ಬೆಳ್ಳಿ ಹಚ್ಚಿ ಹೊಳಪು ಕೊಟ್ಟ. ನಿಜವಾದ ಆಕಾಶ ಅದರಲ್ಲಿ ಕಾಣುತ್ತಿತ್ತು, ಗಾಳಿ ಬೀಸಿದರೆ ಮೋಡ ಓಡುವುದೂ ಕಾಣುತ್ತಿತ್ತು ಅಂತ ಮನೆತ್ತಿ ಬರೆಯುತ್ತಾನೆ. ಕಟ್ಟಡಕ್ಕೆ ಅಂಚು, ಮೂಲೆ, ಅಳತೆ ಇದೆ, ಅದನ್ನು ರೇಖಾಗಣಿತ ಹಿಡಿಯುತ್ತದೆ. ಮೋಡಕ್ಕೆ ಅಳತೆ ಎಲ್ಲಿದೆ? ಹಿಡಿಯಲಾಗದ್ದನ್ನು ಹಾಗೇ ಒಳಗೆ ಬಿಟ್ಟುಕೊಂಡ ಅವನು.

ಬಿಳಿ ಪದರದ ಮೇಲೆ ನುಣ್ಣನೆಯ ಕೆಂಪು ಜೇಡಿ ಬಳಿದು, ಬೆಳ್ಳಿ ರೇಕು ಕೂರಿಸಿ, ಅಕೀಕು ಕಲ್ಲಿನಿಂದ ಉಜ್ಜಿದೆ. ಮೊದಲು ಮಂಕಾಗಿದ್ದದ್ದು ಕಲ್ಲು ಓಡಿದಂತೆ ಕಪ್ಪಾಗಿ, ಆಮೇಲೆ ಒಮ್ಮೆಗೇ ಮುಖ ಕಾಣುವಷ್ಟು ಹೊಳೆಯಿತು. ಮಳೆಗಾಲದ ತೇವಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಹಾಗಾಗಿ ಹಲಗೆಯನ್ನು ಬಟ್ಟೆ ಸುತ್ತಿ ಡಬ್ಬಿಯಲ್ಲಿ ಇಡುತ್ತಿದ್ದೇನೆ.

ತೂತನ್ನು ಬಡಗಿಯೇ ಕೊರೆದುಕೊಟ್ಟರು. ಮನೆತ್ತಿಯ ವಿವರ ಓದಿ ಹೇಳಿದೆ: ಚಿತ್ರದ ಕಡೆ ಮಸೂರ ಬೇಳೆಯಷ್ಟು, ಬೆನ್ನಿನ ಕಡೆ ಹುಲ್ಲಿನ ಟೋಪಿಯ ಹಾಗೆ ಅಗಲವಾಗುತ್ತಾ ಒಂದು ಡುಕಾಟ್ ನಾಣ್ಯದಷ್ಟು. "ಕಣ್ಣು ಒಳಗೆ ಕೂರೋಕೆ ಜಾಗ ಬೇಕಲ್ವಾ, ಅದಕ್ಕೇ" ಅಂದರು ಬಡಗಿ. ಸರಿಯಾದ ಮಾತು. ನೇರ ತೂತಾದರೆ ಕೊಳವೆಯಲ್ಲಿ ನೋಡಿದ ಹಾಗಾಗಿ ಚಿತ್ರದ ನಡುಭಾಗ ಮಾತ್ರ ಕಾಣುತ್ತದೆ.

ಜೂನ್ ಮೂರನೇ ವಾರ

ಪರೀಕ್ಷೆ ಆಯಿತು. ಮಳೆ ಬಿಟ್ಟ ಒಂದು ಮಧ್ಯಾಹ್ನ ದೊಡ್ಡಪ್ಪನ ಬಾಗಿಲೊಳಗೆ ಗುರುತು ಮಾಡಿದ ಜಾಗದಲ್ಲಿ ನಿಂತೆ.

ಒಳಗೆ ಯಾಕೆ ನಿಲ್ಲಬೇಕು ಅಂತ ನಿಂತ ಕೂಡಲೇ ತಿಳಿಯುತ್ತದೆ. ನೋಡುವವನು ನೆರಳಲ್ಲಿ, ಹಲಗೆಯ ಮುಖ ಹೊರಗಿನ ಬೆಳಕಿಗೆ. ಚಿತ್ರಕ್ಕೆ ಬೆಳಕು ತಾನಾಗಿಯೇ ಬೀಳುತ್ತದೆ. ಬಾಗಿಲ ಚೌಕಟ್ಟು ನೋಟಕ್ಕೂ ಚೌಕಟ್ಟಾಗುತ್ತದೆ. ಬ್ರೂನೆಲೆಸ್ಕಿ ಆ ಬಾಗಿಲನ್ನು ಇದಕ್ಕೇ ಆರಿಸಿದ ಅಂತ ನನ್ನ ನಂಬಿಕೆ.

ಕನ್ನಡಿ ಎರಡು ಅಳತೆಯಲ್ಲಿ ಮಾಡಿಸಿದ್ದೆ: ಒಂದು ಹಲಗೆಯಷ್ಟೇ ದೊಡ್ಡದು, ಇನ್ನೊಂದು ಅದರ ಅರ್ಧ ಅಗಲ, ಅರ್ಧ ಎತ್ತರದ್ದು. ಕನ್ನಡಿ ಅರ್ಧ ದಾರಿಯಲ್ಲಿರುವುದರಿಂದ ಇಡೀ ಚಿತ್ರ ಕಾಣಲು ಅರ್ಧ ಅಳತೆ ಸಾಕು. ದೊಡ್ಡದರಲ್ಲಿ ಹಂಚಿನ ಮೇಲೆ ಒಂದು ಮಂಕು ಪಟ್ಟಿ ಕಂಡಿತು. ಬೆಳ್ಳಿಗೆ ಬರಬೇಕಾದ ಆಕಾಶದ ಬೆಳಕಿಗೆ ಕನ್ನಡಿಯೇ ಅಡ್ಡ. ಚಿಕ್ಕದನ್ನು ಹಿಡಿದೆ. ಪಟ್ಟಿ ಮಾಯ. ಮೋಡ ಹಂಚಿನ ಅಂಚಿನವರೆಗೂ ಇಳಿದು ಬಂತು. ಇನ್ನೂ ಸೊಗಸೆಂದರೆ, ಬೆಳ್ಳಿಯಲ್ಲಿ ಒಮ್ಮೆ, ಕನ್ನಡಿಯಲ್ಲಿ ಒಮ್ಮೆ ತಿರುಗಿದ್ದರಿಂದ ಮೋಡ ನಿಜವಾಗಿ ಯಾವ ಕಡೆ ಹೋಗುತ್ತಿತ್ತೋ ಅದೇ ಕಡೆ ಹೋಗುತ್ತಿತ್ತು. ಕನ್ನಡಿ ಇಳಿಸಿದರೂ ಅದೇ ಮೋಡ ಅಲ್ಲೇ ಇತ್ತು.

ಶಾಲೆ? ಕಂಬಗಳು ಕೂತವು. ಜಗಲಿಯ ತೊಲೆ ಕೂತಿತು. ಕನ್ನಡಿ ಏರಿಸಿ ಇಳಿಸಿ ನೋಡಿದರೆ ಹಂಚಿನ ಅಂಚು ಅಲುಗುವುದಿಲ್ಲ. ಮಾವಿನ ಮರ ಹಾಗಲ್ಲ, ಗಾಳಿಗೆ ಅದು ಅಲ್ಲಾಡುತ್ತದೆ, ಚಿತ್ರದ್ದು ನಿಂತೇ ಇರುತ್ತದೆ. ಕನ್ನಡಿ ಹಿಡಿದ ಕೈ ಸ್ವಲ್ಪ ಮುಂದೆ ಹೋದರೆ ಶಾಲೆ ಚಿಕ್ಕದಾಗುತ್ತದೆ, ಹಿಂದೆ ಬಂದರೆ ದೊಡ್ಡದಾಗುತ್ತದೆ. ಅದಕ್ಕೆ 29 ಸೆಂಟಿಮೀಟರಿನ ಒಂದು ಕಡ್ಡಿಯನ್ನು ನಡುವೆ ಕೊಟ್ಟುಕೊಂಡೆ.

ತೂತಿನ ಜಾಗದ ಬಗ್ಗೆ ಒಂದು ಮಾತು. ಕನ್ನಡಿಯಲ್ಲಿ ನೇರವಾಗಿ ನೋಡಿದರೆ ತೂತೇ ಕಾಣುತ್ತದೆ, ತೂತಿನಲ್ಲಿ ನಮ್ಮದೇ ಕಣ್ಣು. ಗೆರೆಗಳೆಲ್ಲ ಹೋಗಿ ಸೇರುವುದೂ ಅಲ್ಲಿಗೇ. ಕನ್ನಡಿಯಲ್ಲಿ ಕಣ್ಣಿಗೆ ನೇರ ಎದುರು ಯಾವಾಗಲೂ ಕಣ್ಣೇ ಇರುವುದಲ್ವಾ? ಸೇರುವ ಬಿಂದು ಅನ್ನುವುದು ನೋಡುವವನ ಕಣ್ಣಿಗೆ ಎದುರಾದ ಜಾಗ ಅಂತ ಯಾವ ಪುಸ್ತಕ ವಿವರಿಸಿದರೂ ಇಷ್ಟು ಚೆನ್ನಾಗಿ ತಲೆಗೆ ಹೋಗುತ್ತಿರಲಿಲ್ಲ. ಬ್ರೂನೆಲೆಸ್ಕಿ ಸುಮ್ನೆ ಕನ್ನಡಿ ತಂದದ್ದಲ್ಲ.

ದೊಡ್ಡಪ್ಪ ನೋಡಿದರು. ಕನ್ನಡಿ ನಾನು ಹಿಡಿದಿದ್ದೆ. "ಶಾಲೆ ಕಾಣ್ತಿದೆ, ಚಿತ್ರ ಎಲ್ಲಿದೆ ಹಿಡಿಯೋ" ಅಂದರು. ನೋಡ್ತಿರೋದೇ ಚಿತ್ರ ದೊಡ್ಡಪ್ಪ ಅಂದೆ. ನಂಬಲಿಲ್ಲ. ಕನ್ನಡಿ ಇಳಿಸಿದೆ, ಮತ್ತೆ ಏರಿಸಿದೆ. ಆಮೇಲೆ ಕನ್ನಡಿಯನ್ನು ಅವರೇ ಕಸಿದುಕೊಂಡರು. ಶಾಲೆ ಬಿಟ್ಟ ಮಕ್ಕಳೂ ಸಾಲು ನಿಂತವು. ಅವರ ಎತ್ತರಕ್ಕೆ ಸ್ಟೂಲ್ ಬೇಕಾಯಿತು, ಯಾಕೆಂದರೆ ಈ ಚಿತ್ರ ಒಂದೇ ಎತ್ತರದ, ಒಂದೇ ಜಾಗದ ಒಂದು ಕಣ್ಣಿಗೆ ಬರೆದದ್ದು.

ಮುಂದೆ

ಬ್ರೂನೆಲೆಸ್ಕಿ ಎರಡನೇ ಹಲಗೆಯನ್ನೂ ಮಾಡಿದ್ದ. ಅದು ಊರಿನ ಆಡಳಿತ ಭವನ, ಪಲಾತ್ಸೊ ದೆಲ್ಲ ಸಿನ್ಯೊರಿಯ. ಚೌಕದ ಮೂಲೆಯಿಂದ, ಎರಡು ಬದಿಯೂ ಕಾಣುವ ಹಾಗೆ. ಹಲಗೆ ದೊಡ್ಡದು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕನ್ನಡಿ ಹಿಡಿಯಲು ಆಗದು. ಅದಕ್ಕೇ ತೂತನ್ನು ಕೈಬಿಟ್ಟ, ಬೆಳ್ಳಿಯನ್ನೂ ಕೈಬಿಟ್ಟ. ಕಟ್ಟಡಗಳ ನೆತ್ತಿಯ ಗೆರೆಯಲ್ಲೇ ಹಲಗೆಯನ್ನು ಕತ್ತರಿಸಿ, ಮೇಲಿನ ಆಕಾಶ ಹಿಂದಿನಿಂದ ಕಾಣುವ ಹಾಗೆ ಮಾಡಿದ.

ನಾನು ಪ್ಲೈವುಡ್ ತರಿಸಿದ್ದೇನೆ. ಶಾಲೆಯನ್ನೇ ಬಾವಿಕಟ್ಟೆಯ ಮೂಲೆಯಿಂದ ಓರೆಯಾಗಿ ಬರೆಯಬೇಕು. ಇಲ್ಲಿ ಸೇರುವ ಬಿಂದು ಎರಡು, ಎರಡೂ ಹಲಗೆಯ ಆಚೆ ಬೀಳುತ್ತವೆ. ನಡುಮನೆಯ ಗೋಡೆಗೆ ಹಲಗೆ ಒರಗಿಸಿ, ಎರಡು ಕಡೆ ಮೊಳೆ ಹೊಡೆದು ದಾರ ಕಟ್ಟುವ ಯೋಚನೆ. ಪಕ್ಕದ ಗೋಡೆಯ ಅಳತೆ ಇನ್ನೂ ಆಗಿಲ್ಲ. ದಸರಾ ರಜೆಯಲ್ಲಿ, ಶಾಲೆ ಖಾಲಿ ಇರುವಾಗ ಮಾಡಬೇಕು.