ಲಾರೆನ್ಸರಿಗೆ ಸಿಕ್ಕಿದ್ದು ನಾಲ್ಕೇ ದಿನ

ಈ ಜನವರಿಯಲ್ಲಿ ಕಾರ್ಕಳ ಹತ್ತಿರದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋದಾಗ ನನ್ನ ಚೀಲದಲ್ಲಿ ಎರಡು ಮೇಣದಬತ್ತಿ ಇದ್ದವು. ಒಂದು ಅಮ್ಮನ ಹರಕೆಯದು, ಇನ್ನೊಂದು ನನ್ನದು. ನನಗೆ ಒಂದು ಕೆಲಸ ಬೇಕಿತ್ತು, ಅಷ್ಟೇ.

ಹದಿಮೂರು ವರ್ಷ ನಾನು ಲೆಕ್ಕ ಬರೆದ ಕಚೇರಿ ಬಾಗಿಲು ಹಾಕಿ ಆಗಲೇ ನಾಲ್ಕು ತಿಂಗಳಾಗಿತ್ತು. ಅದೇ ಹೊತ್ತಿಗೆ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮೂರ ಚರ್ಚಿನ, ಗುರುಗಳು ಮನೆಗೆ ಬಂದಿದ್ದರು. ಬಲಿಪೂಜೆಗೆ ಬರಲಾಗದ ರೋಗಿಗಳಿಗೆ ಭಾನುವಾರ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯುವ ಸೇವೆ ಇದೆ, ನೀವು ಮಾಡಬೇಕು ಅಂದರು. ನಾನು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಮೊದಲು ನನ್ನದೊಂದು ದಾರಿ ಆಗ್ಲಿ ಫಾದರ್" ಅಂದೆ.

ಶಿವಮೊಗ್ಗ ಕಡೆಯಿಂದ ಆಗುಂಬೆ ಘಾಟಿ ಇಳಿದು, ಹೆಬ್ರಿ ದಾಟಿ ಕಾರ್ಕಳ ಸೇರಿದೆವು. ಸಂತ ಲಾರೆನ್ಸರ ಹಬ್ಬ ಆಗಸ್ಟ್ 10ಕ್ಕೆ ಬರುತ್ತದೆ. ಕರಾವಳಿಯಲ್ಲಿ ಆಗ ಜಡಿಮಳೆ. ಊರವರು ಸಾಂತ್‌ಮಾರಿ ಅನ್ನುವ ದೊಡ್ಡ ಜಾತ್ರೆ ನಡೆಯುವುದು ಜನವರಿಯಲ್ಲಿ. ಕೊಂಕಣಿಯಲ್ಲೂ ಕನ್ನಡದಲ್ಲೂ ಪೂಜೆ ಇರುತ್ತದೆ. 2016ರಲ್ಲಿ ಈ ಚರ್ಚನ್ನು ಬಸಿಲಿಕಾ, ಅಂದರೆ ಪೋಪರ ವಿಶೇಷ ಗೌರವ ಪಡೆದ ಚರ್ಚ್, ಅಂತ ಘೋಷಣೆ ಮಾಡಿದ್ದಾರೆ. ಆದರೆ ಎಲ್ಲ ಧರ್ಮದವರೂ ಇಲ್ಲಿಗೆ ಮೇಣದಬತ್ತಿ ಹಿಡಿದು ಬರುವುದು ಅದಕ್ಕಿಂತ ಎಷ್ಟೋ ಹಳೆಯ ಸಂಗತಿ.

ಅತ್ತೂರಿನ ಧರ್ಮಕೇಂದ್ರವೂ ನೆಮ್ಮದಿಯ ಕಾಲದಲ್ಲಿ ಬೆಳೆದದ್ದಲ್ಲ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಚರ್ಚ್ ನೆಲಸಮವಾಯಿತು. 1799ರಲ್ಲಿ ಟಿಪ್ಪು ಸತ್ತ ನಂತರ, ಬದುಕಿ ಉಳಿದವರು ವಾಪಸ್ ಬಂದು ಮತ್ತೆ ಕಟ್ಟಿದರು. ಆಮೇಲೆ ಹೊಸ ಜಾಗ ಹುಡುಕುತ್ತಾ ಸಂತರ ಪುಟ್ಟ ಮರದ ಪ್ರತಿಮೆ ಹೊತ್ತು ಹೊರಟರಂತೆ. ಒಂದು ಕೊಳದ ಹತ್ತಿರ ಇಳಿಸಿ ದಣಿವಾರಿಸಿಕೊಂಡರೆ, ಮತ್ತೆ ಎತ್ತಲು ಆಗಲೇ ಇಲ್ಲವಂತೆ. ಇಲ್ಲೇ ಚರ್ಚ್ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲೇ ಪ್ರತಿಮೆ ಕೈಗೆ ಬಂತು ಎಂದು ಹಿರಿಯರು ಹೇಳುತ್ತಾರೆ. ಆ ಕೊಳದ ನೀರನ್ನು ಜನ ಈಗಲೂ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಮ್ಮನಿಗೆ ನಾನೂ ಒಂದು ತುಂಬಿಸಿದೆ.

ಸಾಲು ಉದ್ದ ಇತ್ತು. ಬಿಸಿಲಿಗೆ ಮೇಣದಬತ್ತಿ ಕೈಯಲ್ಲೇ ಬಾಗುತ್ತಿತ್ತು. ನಿಂತು ನಿಂತು ಲಾರೆನ್ಸರನ್ನೇ ನೆನೆಯುತ್ತಿದ್ದೆ.

ಅವರು ರೋಮಿನ ಡೀಕನ್, ಅಂದರೆ ಗುರುಗಳಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕ. ಚರ್ಚಿನ ಹಣ ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. ಒಂಥರಾ ಅವರೂ ಲೆಕ್ಕ ಬರೆಯುವವರೇ, ಅಲ್ವಾ? 258ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತರ ಮೇಲೆ ಹಿಂಸೆ ಜೋರು ಮಾಡಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸರನ್ನು ಕೊಂದರು. ಜೊತೆಯ ಡೀಕನರೂ ಪ್ರಾಣ ಕಳೆದುಕೊಂಡರು. ಲಾರೆನ್ಸರ ಸರದಿ ಬಂದದ್ದು 10ರಂದು. ಮಧ್ಯೆ ಸಿಕ್ಕಿದ್ದು ನಾಲ್ಕೇ ದಿನ.

ಆ ನಾಲ್ಕು ದಿನವೇ ನನ್ನನ್ನು ಹಿಡಿದು ನಿಲ್ಲಿಸಿತು. ದಾರಿ ತೋರಿಸುವ ಗುರು ಇಲ್ಲ. ನಾಳೆ ಚರ್ಚ್ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಸಂಪತ್ತೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಗಡುವು ಕೊಟ್ಟಿದ್ದಾನೆ. ಲಾರೆನ್ಸರು ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರು. ಕುಂಟರನ್ನು, ಕುರುಡರನ್ನು, ವಿಧವೆಯರನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, ಚರ್ಚಿನ ಸಂಪತ್ತು ಇವರೇ ಎಂದರು ಅನ್ನುವುದು ಪರಂಪರೆಯ ಮಾತು. ಅವರನ್ನು ಸುಟ್ಟರೆನ್ನುವ ಕಬ್ಬಿಣದ ಜಾಲರಿಯನ್ನು ಚಿತ್ರಗಳಲ್ಲಿ ನೋಡಿ ನಾನು ಚಿಕ್ಕಂದಿನಲ್ಲಿ ಹೆದರುತ್ತಿದ್ದೆ. ಈ ಸಲ ಮನಸ್ಸು ಅಲ್ಲಿಗೆ ಹೋಗಲೇ ಇಲ್ಲ. ಆ ದಿನಗಳಲ್ಲಿ ಅವರಿಗೆ ಹೊಸ ದೈವಕರೆ ಏನೂ ಬಂದಿರಲಿಲ್ಲ. ಆ ಬಡವರ ಮನೆ ಬಾಗಿಲು ಅವರಿಗೆ ಮೊದಲಿಂದ ಗೊತ್ತಿತ್ತು. ದಿನಾ ಮಾಡುತ್ತಿದ್ದ ಕೆಲಸವನ್ನೇ ಮಾಡಿದರು, ಬೇಗ ಬೇಗ ಮಾಡಿದರು. ತನ್ನ ದಾರಿ ಮೊದಲು ಸರಿಯಾಗಲಿ ಎಂದು ಕಾದಿದ್ದರೆ ಆ ಜನರ ಗತಿ ಏನು?

ನನಗೆ ಕರೆ ಮನೆ ಬಾಗಿಲಿಗೇ ಬಂದಿತ್ತು. ನಾನು ಅದನ್ನು ಹೊರಗೇ ನಿಲ್ಲಿಸಿದ್ದೆ.

ಬತ್ತಿ ಹಚ್ಚಿದೆ. ಕೆಲಸ ಕೊಡಿ ಅಂತ ಕೇಳಿದೆ, ಕೇಳದೆ ಬರಲಿಲ್ಲ. ದೇವರ ಮುಂದೆ ಹಸಿವು ಮುಚ್ಚಿಡುವುದು ಭಕ್ತಿ ಅಂತ ನನಗೆ ಅನ್ನಿಸುವುದಿಲ್ಲ. ಗಾಳಿಗೆ ಎರಡು ಸಲ ಆರಿತು. ಪಕ್ಕದಲ್ಲಿದ್ದ, ಹಣೆಗೆ ಕುಂಕುಮ ಇಟ್ಟಿದ್ದ ಹೆಂಗಸು ತಮ್ಮ ಬತ್ತಿಯಿಂದ ಹೊತ್ತಿಸಿಕೊಟ್ಟರು. ಊರಿಗೆ ಮುಟ್ಟಿದ ಸಂಜೆಯೇ ಗುರುಗಳಿಗೆ ಫೋನ್ ಮಾಡಿದೆ.

ತರಬೇತಿ ಮುಗಿಸಿ ಮೊದಲ ಭಾನುವಾರ ಹೊರಟಾಗ, ಪರಮಪ್ರಸಾದದ ಪುಟ್ಟ ಡಬ್ಬಿ ಕೊರಳಲ್ಲಿ ತೂಗುತ್ತಿತ್ತು. ಒಂದು ಕೈ ಅದರ ಮೇಲೇ ಇತ್ತು, ಎಡವುತ್ತೀನೇನೋ ಅನ್ನುವ ಭಯ. ಮೊದಲ ಮನೆಯಲ್ಲಿ, ಕಾಯಿಲೆಯ ಅಜ್ಜಿಯೊಬ್ಬರ ಮಂಚದ ಪಕ್ಕ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಬತ್ತಿ ಹಚ್ಚಿಟ್ಟಿದ್ದರು. ಪಾರ್ಶ್ವವಾಯು ಆಗಿ ಅವರ ಬಲಗೈ ಏಳುವುದಿಲ್ಲ. ಎಡಗೈಯಲ್ಲೇ ಶಿಲುಬೆ ಗುರುತು ಮಾಡಿಕೊಂಡರು. "ಕೆಲಸ ಸಿಕ್ತಾ ಮಗಾ?" ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. ಅವರು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಮುಗಿಯುವವರೆಗೂ ಬಿಡಲಿಲ್ಲ.