ಮೈಮೇಲೆ ಗುಡ್ಡ ಕುಸಿದು ಬಿದ್ದ ಹಿಮನದಿಗಳನ್ನು ನೋಡಲು ಹೊರಟವರಿಗೆ

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಹೋಗುವವರು ಟಾಸ್ಮನ್ ಹಿಮನದಿಯನ್ನು ಬಿಡಬೇಡಿ. ಆದರೆ ಫಳಫಳ ಹೊಳೆಯುವ ಐಸ್ ಕಾಣುತ್ತದೆ ಅಂದುಕೊಂಡು ಹೋದರೆ ಬೇಸರವಾಗುತ್ತದೆ. ಅದರ ಕೆಳಭಾಗವೆಲ್ಲ ಬೂದು ಬಣ್ಣದ ಕಲ್ಲುರಾಶಿ. ಎಷ್ಟೋ ಜನ ಒಂದು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ನೋಡಬೇಕಾದದ್ದೇ ಆ ಕಲ್ಲು.

ಪೆಟ್ರೋಲು, ಸಾಮಾನು ಎಲ್ಲ ದಾರಿಯಲ್ಲಿ ಸಿಗುವ ಟ್ವೈಜಲ್ ಊರಿನಲ್ಲೇ ತುಂಬಿಸಿಕೊಳ್ಳಿ. ಹಿಮನದಿಯ ಹತ್ತಿರದ ಬ್ಲೂ ಲೇಕ್ಸ್ ಪಾರ್ಕಿಂಗ್‌ನಿಂದ ಮೆಟ್ಟಿಲು ಹತ್ತಿ ವ್ಯೂಪಾಯಿಂಟ್‌ಗೆ ಹೋಗಿ ಬರಲು ಮುಕ್ಕಾಲು ಗಂಟೆ ಸಾಕು. ಬೈನಾಕ್ಯುಲರ್ ಇದ್ದರೆ ಜಾಸ್ತಿ ಹೊತ್ತು ಕೂರಿ. ಗಾಳಿ ಜೋರು, ಜಾಕೆಟ್ ಬೇಕೇ ಬೇಕು.

1991ರ ಡಿಸೆಂಬರ್ 14ರಂದು, ನಡುರಾತ್ರಿ ಕಳೆದ ಮೇಲೆ, ಪಕ್ಕದಲ್ಲೇ ಇರುವ, ನ್ಯೂಜಿಲೆಂಡ್‌ನ ಅತಿ ಎತ್ತರದ ಶಿಖರ ಮೌಂಟ್ ಕುಕ್‌ನ ತುದಿಯೇ ಕುಸಿಯಿತು. ಶಿಖರ ಸುಮಾರು 10 ಮೀಟರ್ ಗಿಡ್ಡವಾಯಿತು. ಬಂಡೆ, ಐಸ್ ಎಲ್ಲ ಸೇರಿ ಸುಮಾರು 7 ಕಿ.ಮೀ. ಉರುಳಿ ಬಂದು ಟಾಸ್ಮನ್ ಮೇಲೆ ಹರಡಿಕೊಂಡವು. ಮೇಲಿನ ಗುಡಿಸಲಿನಲ್ಲಿ ಮಲಗಿದ್ದ ಪರ್ವತಾರೋಹಿಗಳು ಸ್ವಲ್ಪದರಲ್ಲೇ ಉಳಿದುಕೊಂಡರು.

ಹೀಗೆ ಗುಡ್ಡ ಬಿದ್ದರೆ ಹಿಮನದಿಗೆ ಏನಾಗುತ್ತದೆ? ತೆಳ್ಳಗೆ ಧೂಳು ಕೂತರೆ ಬಿಸಿಲು ಹೀರಿ ಐಸ್ ಬೇಗ ಕರಗುತ್ತದೆ. ದಪ್ಪಗೆ ಕಲ್ಲು ಕೂತರೆ ತದ್ವಿರುದ್ಧ, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟ ಐಸ್‌ಗಡ್ಡೆಯ ಹಾಗೆ ಕರಗದೆ ಉಳಿಯುತ್ತದೆ. ಮೇಲಿನಿಂದ ಐಸ್ ಬರುತ್ತಲೇ ಇರುತ್ತದೆ, ಕೆಳಗೆ ಕರಗುವುದು ಕಡಿಮೆ. ಆಗ ಚಳಿ ಹೆಚ್ಚದಿದ್ದರೂ ಹಿಮನದಿ ಮುಂದಕ್ಕೆ ಸರಿಯಬಹುದು. ಅಲಾಸ್ಕಾದ ಶೆರ್ಮನ್ ಹಿಮನದಿ ಇದಕ್ಕೆ ಒಳ್ಳೆಯ ಉದಾಹರಣೆ. 1964ರ ಭೂಕಂಪದಲ್ಲಿ ಅದರ ಮೇಲೆ ಗುಡ್ಡ ಬಿತ್ತು. ಹಿಂದೆ ಸರಿಯುತ್ತಿದ್ದ ಹಿಮನದಿ ಆಮೇಲೆ ಮುಂದೆ ಬಂತು.

ಇದನ್ನು ತಲೆಯಲ್ಲಿಟ್ಟುಕೊಂಡು ಪಶ್ಚಿಮ ಕರಾವಳಿಯ ಫ್ರಾಂಜ್ ಜೋಸೆಫ್ ಹಿಮನದಿಗೆ ಹೋಗಿ. ಎಲ್ಲರೂ ಹಿಮನದಿಯ ಕಡೆಗೇ ಮುಖ ಮಾಡುತ್ತಾರೆ. ನೀವು ತಿರುಗಿ ಬಯಲಿನ ಕಡೆಯೂ ನೋಡಿ. ಅಲ್ಲಿ ಕಾಡು ಬೆಳೆದ, ಬಾಗಿದ ಉದ್ದನೆಯ ದಿಬ್ಬವೊಂದಿದೆ, ಹೆಸರು ವೈಹೊ ಲೂಪ್. ಸಾವಿರಾರು ವರ್ಷಗಳ ಹಿಂದೆ ಹಿಮನದಿ ಅಲ್ಲಿಯವರೆಗೂ ಬಂದು ಸುರಿದ ಕಲ್ಲು ಅದು. ಹಿಂದೆ ಹವಾಮಾನವೇ ತಣ್ಣಗಾಗಿದ್ದ ಕಾಲ ಬಂದದ್ದಕ್ಕೆ ಅದೇ ಸಾಕ್ಷಿ ಅನ್ನುತ್ತಿದ್ದರು. 2008ರಲ್ಲಿ ಕೆಲವು ವಿಜ್ಞಾನಿಗಳು ಕಲ್ಲುಗಳನ್ನೇ ಪರೀಕ್ಷಿಸಿ, ಸುತ್ತಲಿನ ದಿಬ್ಬಗಳಲ್ಲಿರುವ ಕಲ್ಲಿಗಿಂತ ಇದು ಬೇರೆ, ದೊಡ್ಡ ಗುಡ್ಡ ಕುಸಿತವೇ ಹಿಮನದಿಯನ್ನು ಅಷ್ಟು ದೂರ ತಂದಿತು ಎಂದರು. ಎಲ್ಲರೂ ಒಪ್ಪಿಲ್ಲ. ನನಗಂತೂ ಈ ವಾದ ಗಟ್ಟಿ ಅನ್ನಿಸುತ್ತದೆ. ಹಳೆಯ ಹವಾಮಾನವನ್ನು ನಾವು ಓದುವುದೇ ಇಂಥ ದಿಬ್ಬಗಳಿಂದ, ಅಲ್ವಾ? ಒಂದನ್ನು ತಪ್ಪಾಗಿ ಓದಿದರೆ ಲೆಕ್ಕವೇ ಬದಲಾಗುತ್ತದೆ.

ನಕ್ಷೆಯಲ್ಲಿ ಎರಡೂ ಹಿಮನದಿ ಅಕ್ಕಪಕ್ಕ ಕಾಣುತ್ತವೆ. ಆದರೆ ನಡುವೆ ನೇರ ರಸ್ತೆ ಇಲ್ಲ. ಲಿಂಡಿಸ್ ಪಾಸ್, ವನಾಕ, ಹಾಸ್ಟ್ ಪಾಸ್ ಸುತ್ತಿ ಬರಬೇಕು, ಇಡೀ ಒಂದು ದಿನ ಇಟ್ಟುಕೊಳ್ಳಿ. ಜೋರು ಮಳೆ ಬಂದರೆ ಹಾಸ್ಟ್ ದಾರಿಯಲ್ಲೇ ಗುಡ್ಡ ಕುಸಿಯುವುದುಂಟು. ಬೆಳಗ್ಗೆ ರಸ್ತೆ ತೆರೆದಿದೆಯಾ ಎಂದು ನೋಡಿಕೊಂಡೇ ಹೊರಡಿ. ಫ್ರಾಂಜ್ ಜೋಸೆಫ್‌ನಲ್ಲಿ 2012ರಿಂದ ನಡೆದುಕೊಂಡು ಐಸ್ ಹತ್ತುವಂತಿಲ್ಲ, ಹೆಲಿಕಾಪ್ಟರ್ ಒಂದೇ ದಾರಿ. ಮೋಡ ಕವಿದರೆ ಅದೂ ಹಾರುವುದಿಲ್ಲ. ಅದಕ್ಕೇ ಅಲ್ಲಿ ಒಂದು ದಿನ ಜಾಸ್ತಿ ಉಳಿಯುವ ಹಾಗೆ ಬುಕ್ ಮಾಡಿ.