ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅಮ್ಮೀಟರ್ ಉಳಿದದ್ದು ಏಕೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಕೊಳವೆಬಾವಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳ ವಿನ್ಯಾಸ ನನ್ನ ಕೆಲಸ. ತಾಮ್ರದ ಬೆಲೆಯೂ ತಗಡಿನ ಬೆಲೆಯೂ ಏರಿದಾಗ ವೆಚ್ಚ ಇಳಿಸುವಂತೆ ಸೂಚನೆ ಬಂತು. ತಗಡು ತೆಳುವಾಗಲಿ, ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಅಗ್ಗದ್ದಾಗಲಿ ಎಂಬ ಸಲಹೆಗಳೇ ಮೊದಲು ಕೇಳಿಬಂದವು. ನಾನು ಒಪ್ಪಲಿಲ್ಲ. ಸುಟ್ಟ ಮೋಟಾರನ್ನು ಮೇಲೆತ್ತಿಸಿ ವೈಂಡಿಂಗ್ ಮಾಡಿಸಲು ರೈತ ತೆರುವ ಹಣದ ಮುಂದೆ ನಮ್ಮ ಆ ಉಳಿತಾಯ ಯಾವ ಲೆಕ್ಕ?

ನಾನು ಹಿಡಿದದ್ದು ಮೌಲ್ಯ ವಿಶ್ಲೇಷಣೆಯ ದಾರಿ: ಕೆಲಸ ಕೆಡದಂತೆ ವೆಚ್ಚ ಇಳಿಸುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಕಾದ ಸಾಮಗ್ರಿ ಸಿಗದೆ ಬದಲಿ ಹುಡುಕಿದಾಗ, ಎಷ್ಟೋ ಸಲ ಬದಲಿಯೇ ಅಗ್ಗವಾಗಿಯೂ ಉತ್ತಮವಾಗಿಯೂ ಇತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಾರೆನ್ಸ್ ಮೈಲ್ಸ್ ಆ ಅನುಭವವನ್ನೇ 1947ರಲ್ಲಿ ಒಂದು ಪದ್ಧತಿಯಾಗಿ ರೂಪಿಸಿದರು. ಭಾಗದ ಬೆಲೆ ಕೇಳುವ ಮೊದಲು ಅದು ಮಾಡುವ ಕೆಲಸ ಕೇಳಬೇಕು. ಉತ್ತರ ಒಂದು ನಾಮಪದ, ಒಂದು ಕ್ರಿಯಾಪದದಲ್ಲಿ ಮುಗಿಯಬೇಕು. ಓವರ್‌ಲೋಡ್ ರಿಲೇ, ಅಂದರೆ ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಭಾಗ, ‘ಮೋಟಾರು ಕಾಯುತ್ತದೆ’. ಅದನ್ನು ಮುಟ್ಟುವಂತಿಲ್ಲ.

ಅಮ್ಮೀಟರಿಗೆ ‘ಕರೆಂಟು ತೋರಿಸುತ್ತದೆ’ ಎಂದು ಬರೆದೆವು. ಖರೀದಿ ವಿಭಾಗದವರು ಅದು ಅಲಂಕಾರ, ತೆಗೆಯಬಹುದು ಎಂದರು. ಮದ್ದೂರಿನ ಬಳಿ ನಮ್ಮ ಪೆಟ್ಟಿಗೆ ಬಳಸುವ ಕಬ್ಬಿನ ರೈತರೊಬ್ಬರನ್ನು ಕೇಳಿದಾಗ ಅವರು ನೇರವಾಗಿ ಮೀಟರಿನ ಗಾಜಿನ ಮೇಲೆ ಬೆರಳಿಟ್ಟರು. “ಮುಳ್ಳು ಇಷ್ಟು ಕೆಳಗೆ ಬಂದರೆ ಬೋರಿನಲ್ಲಿ ನೀರು ಮುಗಿದಿದೆ ಎಂದರ್ಥ ಸ್ವಾಮಿ. ತಕ್ಷಣ ಆಫ್ ಮಾಡುತ್ತೇನೆ.” ನೀರಿಲ್ಲದೆ ತಿರುಗುವ ಸಬ್‌ಮರ್ಸಿಬಲ್ ಪಂಪು ತಂಪು ಕಾಣದೆ ಕೆಡುತ್ತದೆ. ಆ ಮುಳ್ಳು ಸಹ ಮೋಟಾರನ್ನೇ ಕಾಯುತ್ತಿತ್ತು! ಬಳಸುವವರ ಮುಂದೆ ನಿಲ್ಲದೆ ಈ ವಿಶ್ಲೇಷಣೆಗೆ ಕೂರಬಾರದೆಂದು ನಾನು ಈಗ ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಉಳಿತಾಯ ಸಿಕ್ಕಿದ್ದು ಪೆಟ್ಟಿಗೆಯ ಅಳತೆಯಲ್ಲಿ. ಹಳೆಯ ದೊಡ್ಡ ಕಾಂಟ್ಯಾಕ್ಟರಿಗೆಂದು ಬಿಟ್ಟಿದ್ದ ಜಾಗ, ಕಾಂಟ್ಯಾಕ್ಟರ್ ಚಿಕ್ಕದಾದ ಮೇಲೂ ಹಾಗೇ ಖಾಲಿ ಉಳಿದಿತ್ತು. ತಂತಿ ಬಾಗಲು, ಶಾಖ ಹೋಗಲು ಬೇಕಾದಷ್ಟು ಬಿಟ್ಟು ಅಳತೆ ತಗ್ಗಿಸಿದೆವು. ಎಂಟಡಿ-ನಾಲ್ಕಡಿ ಶೀಟಿನಲ್ಲಿ ಒಂದು ಪೆಟ್ಟಿಗೆ ಹೆಚ್ಚು ಬಂತು. ಬಾಗಿಲಿನ ಸ್ಕ್ರೂಗಳ ಬದಲು ಒಂದೇ ಚಿಲಕ ಸಾಕಾಯಿತು. ಹೇಗೂ ಫ್ಯೂಸ್ ಹಾಕಲು ಬಾಗಿಲು ತೆಗೆದಾಗ ಆ ಸ್ಕ್ರೂಗಳು ಗದ್ದೆಯಲ್ಲಿ ಕಳೆದುಹೋಗುತ್ತಿದ್ದವು.

ಒಂದು ಕಡೆ ಮಾತ್ರ ಖರ್ಚು ಹೆಚ್ಚಿಸಿದೆವು. ಕೇಬಲ್ ಒಳಬರುವ ತೂತಿನಿಂದ ಹಲ್ಲಿ ನುಗ್ಗಿ ಟರ್ಮಿನಲ್ಲುಗಳ ನಡುವೆ ಸುಟ್ಟು ಸಾಯುವುದು, ಅದರೊಂದಿಗೆ ಸ್ಟಾರ್ಟರೂ ಕೆಡುವುದು ರಿಪೇರಿಗೆ ಬರುವ ಪೆಟ್ಟಿಗೆಗಳಲ್ಲಿ ಮಾಮೂಲು. ಅಲ್ಲಿಗೆ ಬಿಗಿಯಾದ ರಬ್ಬರ್ ಬುಷ್ ಹಾಕಿಸಿದೆ. ಅದನ್ನು ಸೇರಿಸಿದರೂ ಒಟ್ಟು ವೆಚ್ಚ ಹಳೆಯ ಪೆಟ್ಟಿಗೆಗಿಂತ ಕಡಿಮೆಯೇ ಬಂತು.